ಚೀಟಿ ನಮ್ಮ ಕೈಬರಹದಲ್ಲೇ ಇರತಕ್ಕದ್ದು

ಜನವರಿ 12, ಭಾನುವಾರ

ಎಣ್ಣೆ ಹಾಕುವ ದಿನ. ಒಂದೊಂದೇ ಚಾಕು ತೆಗೆದು, ಹಳೆ ಪಂಚೆಯ ಚೂರಿನಲ್ಲಿ ಒರೆಸಿ, ಹೊಲಿಗೆ ಮೆಷಿನ್ ಎಣ್ಣೆ ಕೀಲಿಗೊಂದು ತೊಟ್ಟು, ಅಲಗಿಗೊಂದು ತೊಟ್ಟು. ಬಿಚ್ಚು. ಮಡಚು. ಡಬ್ಬಕ್ಕೆ. ಮೊಮ್ಮಕ್ಕಳಿಗೆ ಎಣ್ಣೆನೀರು ಹಾಕುವ ಹಾಗೆ ಮಾಡುತ್ತೀರಿ ಎನ್ನುತ್ತಾಳೆ ಯಶೋಧಾ. ಹೊಗಳಿಕೆಯಲ್ಲ ಅದು.

ಕೊಂಬಿನ ಹಿಡಿಯದ್ದನ್ನು ಮಡಚುವಾಗ ಹೆಬ್ಬೆರಳು ಕೊಯ್ದುಕೊಂಡೆ. ಇಷ್ಟು ವರ್ಷದಲ್ಲಿ ಮೊದಲ ಸಲ. ಜಾರಲಿಲ್ಲ... ಕೈ ತಾನಾಗಿ ಅಲುಗಿತು. ಚಳಿ ಇರಬೇಕು.

ಗುಂಪಿನಲ್ಲಿ ಇವತ್ತೊಂದು ಜಗಳ ಆಗುವುದರಲ್ಲಿತ್ತು. ಹಾಸನದ ಹುಡುಗನೊಬ್ಬ ಹಳೆ ಚಾಕು ಮಾರಾಟಕ್ಕೆ ಹಾಕಿದ್ದ. ಕೆಳಗೆ ಯಾರೋ "ಇದಕ್ಕೆ ಅಷ್ಟಾ?" ಅಂದರು. ದಯಾನಂದ್ ತಕ್ಷಣ ಅಳಿಸಿದ. ಒಳ್ಳೆಯದು ಮಾಡಿದ. ಬೇಡವಾದರೆ ಸುಮ್ಮನೆ ದಾಟಿ ಹೋಗಬೇಕು, ಇನ್ನೊಬ್ಬರ ಮಾರಾಟದ ಕೆಳಗೆ ನಿಂತು ಮೂಗು ಮುರಿಯಬಾರದು. ಹಳೆ ಚಾಕು ಕೂಡಿಡುವವರ ಗುಂಪು ನಮ್ಮದು, ಅಲಗು ಬಳಗ; ಅದರ ನಿಯಮ. ವಾಟ್ಸಾಪ್ ಗುಂಪು ಅಂದರೆ ಗುಡ್ ಮಾರ್ನಿಂಗ್ ಹೂವಿನ ಸಂತೆ ಅಂದುಕೊಂಡವರಿಗೆ ನಮ್ಮದು ಸ್ವಲ್ಪ ಕಷ್ಟ. ನಾನೂ ಚನ್ನಪಟ್ಟಣದಲ್ಲಿ ಮರದ ಗೊಂಬೆ ಕಡೆಯುವ ಹಬೀಬನೂ ಶುರು ಮಾಡಿದ್ದು. ನಿಯಮ ಅಷ್ಟೂ ನಾನೇ ಬರೆದದ್ದು. ರಾಮನಗರದ ದಯಾನಂದನಿಗೆ ಅಡ್ಮಿನ್ ಕೆಲಸ ಒಪ್ಪಿಸಿದ ದಿನ ಒಂದೇ ಮಾತು ಹೇಳಿದ್ದೆ — ಯಾರ ಮುಖವನ್ನೂ ನೋಡಬೇಡ, ನನ್ನದನ್ನೂ.

ಜನವರಿ 16

ಅಂಗಡಿ. ಸಂಕ್ರಾಂತಿಯ ಎಳ್ಳುಬೆಲ್ಲ ಇನ್ನೂ ಗಲ್ಲಾಪೆಟ್ಟಿಗೆಯ ಮೇಲೆ. ಸಿದ್ದಗಂಗಯ್ಯ ತನ್ನ ತಾಯಿಯ ಫೋಟೋಗೆ ಕಟ್ಟು ಹಾಕಿಸಲು ಬಂದಿದ್ದ. ತಿಥಿಗೆ ಬೇಕು. ಗಾಜು ಕೊಯ್ದೆ. ಸೊಟ್ಟ. ಇನ್ನೊಂದು ಕೊಯ್ದೆ. ಅದೂ ಸೊಟ್ಟ. ಫೋಟೋ ಕಟ್ಟು ಹಾಕಿಯೇ ತಲೆ ನರೆತಿದೆ ನನಗೆ. ಅವನು ನೋಡಿದ. ನೋಡಿದ್ದು ನನಗೆ ಕಂಡಿತು.

"ಇರ್ಲಿ ಬುಡು ರುದ್ರಣ್ಣ. ನಮ್ಮವ್ವ ಏನ್ ಎದ್ಬಂದು ನೋಡ್ತಾಳಾ?"

ನಕ್ಕೆ. ಅವನು ಹೋದ ಮೇಲೆ ಶಟರ್ ಅರ್ಧ ಎಳೆದು ಕೂತೆ.

ಫೆಬ್ರವರಿ 3

ಬೆಂಗಳೂರು. ದೊಡ್ಡ ಡಾಕ್ಟರು. ಹೆಸರು ವಿಳಾಸ ಬರೆಯಿರಿ ಅಂದರು. ಬರೆದೆ. ಇನ್ನೊಂದು ಸಲ ಅಂದರು. ಮತ್ತೊಂದು. ಕಾಗದವನ್ನು ನನ್ನ ಕಡೆ ತಿರುಗಿಸಿ ಪೆನ್ನಿನ ತುದಿಯಲ್ಲಿ ತೋರಿಸಿದರು — ಅಕ್ಷರ ಹೋಗುತ್ತಾ ಹೋಗುತ್ತಾ ಸಣ್ಣದಾಗಿದೆ, ನೋಡಿ. ರುದ್ರಪ್ರಸಾದ ಎದ್ದು ನಿಂತಿದ್ದಾನೆ, ಮಾಗಡಿ ಬರುವ ಹೊತ್ತಿಗೆ ಇರುವೆ ಗಾತ್ರ.

ಪಾರ್ಕಿನ್ಸನ್. ಹೋಗುವ ಕಾಯಿಲೆಯಲ್ಲವಂತೆ, ಜತೆಗಿರುವ ಕಾಯಿಲೆಯಂತೆ. ಮಾತ್ರೆ ತಗೊಂಡ ಮೇಲೆ ಸ್ವಲ್ಪ ಹೊತ್ತು ಹಿಡಿತ ಬರುತ್ತದೆ, ಆಮೇಲೆ ಹೋಗುತ್ತದೆ.

ಬಸ್ಸು ತಾವರೆಕೆರೆ ದಾಟಿತು. ಯಶೋಧಾ ನನ್ನ ಬಲಗೈಯನ್ನು ತನ್ನ ಬ್ಯಾಗಿನ ಕೆಳಗಿಟ್ಟು ಒತ್ತಿ ಹಿಡಿದುಕೊಂಡಳು. ಜನ ನೋಡುತ್ತಾರೆ ಅಂತಲೋ, ನಡುಗದಿರಲಿ ಅಂತಲೋ, ಕೇಳಲಿಲ್ಲ.

ಫೆಬ್ರವರಿ 5

"ರೀ, ಕೈ ನಡುಗೋರ ಮನೇಲಿ ಚಾಕು ಯಾಕ್ರೀ ಬೇಕು? ಮಾರ್ಬುಡಿ."

"ನೋಡೋಣ."

"ನೋಡೋದೇನೈತೆ? ನಾ ಇಲ್ದಾಗ ನರ ಕೊಯ್ಕೊಂಡ್ರೆ ಯಾರ್ ಬತ್ತಾರೆ?"

ಅವಳು ಹೇಳುವುದು ಸರಿ. ಸರಿಯಾದದ್ದನ್ನೇ ಹೇಳುತ್ತಾಳಲ್ಲ ಎಂಬ ಸಿಟ್ಟು.

ಮಾರುತ್ತೇನೆ. ಒಂದನ್ನು ಬಿಟ್ಟು. ಹಬೀಬ್ ಹಿಡಿ ಕೂರಿಸಿದ್ದನ್ನು ಕೊಡುವುದಿಲ್ಲ. ಗುಜರಿಯಲ್ಲಿ ನನಗೆ ಬರಿ ಅಲಗು ಸಿಕ್ಕಿತ್ತು, ಹಿಡಿ ಮುರಿದು ಹೋಗಿತ್ತು. ಹಬೀಬ್ ತನ್ನ ಗೊಂಬೆ ಲೇತಿನಲ್ಲಿ ಆಲೆ ಮರದ ಗುಂಡು ಹಿಡಿ ಕಡೆದು, ಅಲಗು ಮಡಚಿ ಕೂರಲು ಸೀಳು ಕೊಟ್ಟು, ಕೆಂಪು ಹಳದಿ ಅರಗು ಹಿಡಿಸಿಕೊಟ್ಟ. ಕೂಡಿಡುವವರು ಕಂಡರೆ ನಗುತ್ತಾರೆ, ಮಕ್ಕಳ ಬುಗುರಿ ಹಾಗಿದೆ ಅಂತ. ನನ್ನಲ್ಲಿರುವುದರಲ್ಲಿ ನನಗೆ ಬೇಕಾದದ್ದು ಅದೊಂದೇ.

ಫೆಬ್ರವರಿ 9, ಭಾನುವಾರ

ಯಶೋಧಾ ಎಲ್ಲದರ ಫೋಟೋ ತೆಗೆದಳು, ನನ್ನದೇ ಫೋನಿನಲ್ಲಿ. ಹಬೀಬನ ಬುಗುರಿ ಹಿಡಿಯದ್ದನ್ನೂ ತೆಗೆದಿದ್ದಾಳೆ. ಇರಲಿ.

ಮೊದಲು ಕೊಂಬಿನ ಹಿಡಿಯದ್ದು. ಚಾಕುವಿನ ಪಕ್ಕ ಚೀಟಿ ಇಡಬೇಕು — ಮಾರುವವನ ಹೆಸರು, ಊರು, ಆ ದಿನದ ತಾರೀಖು. ಅವನದೇ ಕೈಬರಹದಲ್ಲಿ. ಕದ್ದ ಫೋಟೋ ಹಾಕಿ ಜನರಿಗೆ ಟೋಪಿ ಹಾಕುವವರನ್ನು ತಡೆಯಲು ನಾನೇ ತಂದ ಕ್ರಮ. "ಚೀಟಿ ನಮ್ಮ ಕೈಬರಹದಲ್ಲೇ ಇರತಕ್ಕದ್ದು. ಬೇರೆಯವರ ಕೈಲಿ ಬರೆಸುವಂತಿಲ್ಲ." ಇರತಕ್ಕದ್ದು ಅಂತೆ! ಯಾವ ಸೀಮೆ ಪಾಳೇಗಾರ ನಾನು?

ಚೀಟಿ ಚಾಕುವಿನ ಜತೆಗೇ ಹೋಗುತ್ತದೆ. ಕೊಂಡವನು ಎರಡನ್ನೂ ಒಟ್ಟಿಗಿಟ್ಟು ಫೋಟೋ ಹಾಕಿ 'ತಲುಪಿತು' ಅಂದರೆ ವ್ಯವಹಾರ ಮುಗಿದಂತೆ. ಬಳಗದವರಿಗೆ ನನ್ನ ಅಕ್ಷರ ನನ್ನ ಮುಖಕ್ಕಿಂತ ಚೆನ್ನಾಗಿ ಗೊತ್ತು. ಮುಖ ನೋಡಿದವರು ಎಷ್ಟು ಜನ?

ಬರೆದೆ. ಹರಿದೆ. ಬರೆದೆ. ಹರಿದೆ. ಕಾಲ ಬಳಿ ಚೂರುಗಳು. ಯಶೋಧಾ ಪೆನ್ನು ಕಿತ್ತುಕೊಂಡು ತನ್ನ ಗುಂಡು ಅಕ್ಷರದಲ್ಲಿ ಬರೆದಳು. ನಾನು ತಡೆಯಲಿಲ್ಲ.

ಫೆಬ್ರವರಿ 10

ದಯಾನಂದ್, ಎಲ್ಲರೆದುರಿಗೆ: "ಸಾರ್ ಬೇಜಾರ್ ಮಾಡ್ಕೊಬೇಡಿ. ಚೀಟಿ ನಿಮ್ಮ ಅಕ್ಷರ ಅಲ್ಲ ಅನ್ಸುತ್ತೆ?"

ಇನ್ನೊಬ್ಬರು: "ಸರ್ ಫೋನ್ ಹ್ಯಾಕ್ ಆಗಿದ್ಯಾ?"

ಮತ್ತೊಬ್ಬರು: "ಯಾರೂ ದುಡ್ಡು ಹಾಕ್ಬೇಡಿ, ತಡೀರಿ."

ನನ್ನ ಗುಂಪಿನಲ್ಲಿ ನಾನೇ ಕಳ್ಳ. ದಯಾನಂದ್ ಮಾಡಿದ್ದು ತಪ್ಪಲ್ಲ, ನಾನು ಕಲಿಸಿದ್ದನ್ನೇ ಮಾಡಿದ. ನಾನೇ ಸಾಕಿದ ಗಿಣಿ ಅಂತಲೂ ಅನ್ನುವಂತಿಲ್ಲ.

ಬರೆದೆ: "ಅಂಗಡಿಯಲ್ಲಿ ಕೈಗೆ ಗಾಜು ತಾಗಿದೆ. ಮನೆಯವರು ಬರೆದರು. ಗಾಯ ಮಾಯಲಿ, ನಾನೇ ಬರೆದು ಹಾಕುತ್ತೇನೆ."

ಸಾಲು ಸಾಲು ಕೈಮುಗಿದ ಚಿತ್ರ. ಬೇಗ ಗುಣವಾಗಲಿ ಸಾರ್, ಟೇಕ್ ಕೇರ್ ಸಾರ್. ಸುಳ್ಳಿಗೆ ಎಷ್ಟು ಮರ್ಯಾದೆ!

ಇಲ್ಲಿ ಡೈರಿಯಲ್ಲಿ ಹೇಗೆ ಗೀಚಿದರೂ ನಡೆಯುತ್ತದೆ. ನನಗೊಬ್ಬನಿಗೆ ಓದಲು ಬಂದರೆ ಸಾಕು.

ಫೆಬ್ರವರಿ 13

ಹಬೀಬ್ ಫೋನ್ ಮಾಡಿದ್ದ. ಯಾಕೆ ಅಂತ ಕೇಳಿಬಿಡುತ್ತಾನೆ ಅಂದುಕೊಂಡೆ. ಕೇಳಿದರೆ ಹೇಳಿಬಿಡಬೇಕು ಅಂತಲೂ ಇತ್ತು.

"ರುದ್ರಣ್ಣ, ಹೆಂಗಿದ್ದೀರಾ? ಕೈ ಹೆಂಗೈತೆ?"

"ಪರವಾಗಿಲ್ಲ."

"ಅಕ್ಕ ಚೆಂದಾಗವ್ರಾ? ನಮ್ಮನೆಯೋಳು ಸಾಬಿರಾ ಕೇಳ್ತಾವ್ಳೆ ಅಂತ ಹೇಳಿ."

ಆಮೇಲೆ ಮರದ ಬೆಲೆ. ಚೀನಾ ಗೊಂಬೆ. ಬಿಡದಿಯಲ್ಲಿ ಯಾವುದೋ ತಟ್ಟೆ ಇಡ್ಲಿ ಮೊದಲಿನ ಹಾಗಿಲ್ಲ. ಇದ್ದ ಚಾಕು ಯಾಕೆ ಮಾರುತ್ತಿದ್ದೀರಿ ಅಂತ ಮಾತ್ರ ಇಲ್ಲ. ಕೊನೆಗೆ "ಇಡ್ಲಾ ಅಣ್ಣ?" ಅಂದ. ಇಟ್ಟ.

ಅವನು ಹೇಗೆ ಕೇಳುತ್ತಾನೆ? ಮಾರುವವನನ್ನು ಯಾಕೆ ಮಾರುತ್ತಿ ಎಂದು ಕೇಳಬಾರದು. ಅದೂ ನನ್ನದೇ ನಿಯಮ, ಬರೆದಾಗ ಎಲ್ಲರೂ ಭೇಷ್ ಅಂದಿದ್ದರು. ಮಗಳ ಮದುವೆಯೋ, ಆಸ್ಪತ್ರೆಯೋ, ಮನೆ ಹರಾಜೋ, ಮನುಷ್ಯನ ಮಾನ ಅವನ ಹತ್ತಿರವೇ ಇರಲಿ ಅಂತ. ಈಗ ಮಾನ ಇದೆ ಹತ್ತಿರ. ಬೇರೆ ಯಾರೂ ಇಲ್ಲ.

ಫೆಬ್ರವರಿ 26, ಶಿವರಾತ್ರಿ

ಪೂಜೆಗೆ ಕೂತೆ. ಇಷ್ಟಲಿಂಗ ಎಡ ಅಂಗೈಯಲ್ಲಿ. ಇಷ್ಟು ದಿನ ಬಲಗೈ ಮಾತ್ರ, ಎಡಗೈ ನನ್ನ ಕಡೆ ಇದೆ ಅಂದುಕೊಂಡಿದ್ದೆ.

ವಿಭೂತಿ ಹಚ್ಚುವಾಗ ಅಂಗೈ ಅಲುಗಿತು. ಮೊದಲು ಸಣ್ಣಗೆ. ಆಮೇಲೆ ಲಿಂಗ ನಿಲ್ಲಲಿಲ್ಲ... ಮಡಿಲಿಗೆ ಬಿತ್ತು. ಯಶೋಧಾ ತನ್ನ ಅಂಗೈಯನ್ನು ನನ್ನದರ ಕೆಳಗೆ ಕೊಟ್ಟು ಹಿಡಿದಳು. ಪೂಜೆ ಮುಗಿಯಿತು. ನಾನು ಶಿವನ ಹತ್ತಿರ ಏನೂ ಕೇಳಲಿಲ್ಲ. ಕೇಳಿದರೂ ಅವನೇನು, ಬಳಗದವರ ಹಾಗೆ ಮರ್ಯಾದಸ್ಥನಾಗಿ ಸುಮ್ಮನಿರುತ್ತಾನೆ.

ಮಾರ್ಚ್ 2, ಭಾನುವಾರ

"ಸಾರ್, ಗಾಯ ಮಾಯಿತಾ?" ದಯಾನಂದ್. ಒಳ್ಳೆಯ ಹುಡುಗ. ನಿಜವಾಗಿ ಕೇಳುತ್ತಿದ್ದಾನೆ.

ಮಾಯಿತು ಅಂದೆ. ಮಾತ್ರೆ ನುಂಗಿ, ಹಿಡಿತ ಬರುವವರೆಗೆ ಕಾದು ಬರೆದೆ. ಹೆಸರು ಬಂತು. ಊರಿನ ಹೊತ್ತಿಗೆ ಇರುವೆ. ತಾರೀಖು ಯಾವ ದೇವರಿಗೂ ಓದಲು ಬರುವುದಿಲ್ಲ. ಆದದ್ದಾಗಲಿ ಅಂತ ಹಾಕಿದೆ.

ಆಮೇಲೆ ದಯಾನಂದ್: "ಸಾರ್ ಕ್ಷಮಿಸಿ. ಇದೂ ನಿಮ್ಮ ಅಕ್ಷರ ಅಲ್ಲ. ಚೀಟಿ ಬರೀತಾ ಒಂದು ವಿಡಿಯೋ ಮಾಡಿ ಹಾಕ್ತೀರಾ? ಎಲ್ರಿಗೂ ಒಂದೇ ರೂಲ್ ಅಂತ ನೀವೇ ಹೇಳಿದ್ದು."

ಈ ಸಲ ನನ್ನ ಅಕ್ಷರವೇ ಆಗಿತ್ತು. ಅದೇ ನನ್ನದಲ್ಲ ಅಂದರು.

ವಿಡಿಯೋ ಹಾಕಬಹುದು. ಎಲ್ಲರೂ ನೋಡುತ್ತಾರೆ. ಆಮೇಲೆ ಅಯ್ಯೋ ಪಾಪ ಅಂತ ಕೊಳ್ಳುತ್ತಾರೆ, ತುಕ್ಕಿದೆಯಾ, ಕೀಲು ಸಡಿಲವಾ ಅಂತ ಒಂದೂ ಕೇಳದೆ. ಕೇಳದೆ ಕೊಂಡರೆ ಅದು ವ್ಯಾಪಾರವಲ್ಲ, ಭಿಕ್ಷೆ. ಬೇಡ.

ಸಂಜೆ ದಯಾನಂದ್ ಬಳಗದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಕೆಂಪು ಚುಕ್ಕೆ ಇಟ್ಟು ಬರೆದಿದ್ದಾನೆ: ತಡೆ. ಸ್ವಂತ ಕೈಯ ಚೀಟಿ ಬರುವವರೆಗೆ ಇವರ ಜತೆ ವ್ಯವಹಾರ ಬೇಡ.

ಮಾರ್ಚ್ 5

ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗೆ ಒಯ್ಯುವಷ್ಟರಲ್ಲಿ ಅಂಗಿ ತುಂಬಾ ಸಾರು. ಕೈಗೆ ಬಂದ ತುತ್ತು ಬಾಯಿಗಿಲ್ಲ ಅಂತ ನಾನೇ ಅಂದೆ. ಯಶೋಧಾ ನಗಲಿಲ್ಲ.

ಅಂಗಡಿ ತೆಗೆಯಲಿಲ್ಲ.

ಮಾರ್ಚ್ 9, ಭಾನುವಾರ

ದೊಡ್ಡ ಅನಾಹುತ.

ಎಣ್ಣೆ ಹಾಕುವ ದಿನ, ಈಗ ಯಶೋಧಾ ಹಾಕುತ್ತಾಳೆ, ನಾನು ಪಕ್ಕದಲ್ಲಿ ಕೂತು ಹೇಳುತ್ತೇನೆ. ಅವಳು ಒಳಗೆ ಹೋದಳು. ಫೋನಿನಲ್ಲಿ ಬುಗುರಿಯ ಫೋಟೋ ನೋಡುತ್ತಿದ್ದೆ, ಸುಮ್ಮನೆ. ಹೆಬ್ಬೆರಳು ಕುಣಿಯಿತು. ಎಲ್ಲಿ ಒತ್ತಿತೋ. ಫೋಟೋ ಹೋಗಿ ಬಳಗದ ಮಾರಾಟದ ಸಾಲಿನಲ್ಲಿ ಕೂತಿದೆ. ಅಳಿಸೋಣ ಅಂತ ಒತ್ತುತ್ತೇನೆ, ಬೆರಳು ಪಕ್ಕಕ್ಕೆ ಹೋಗುತ್ತದೆ, ಒತ್ತುತ್ತೇನೆ, ಇನ್ನೇನೋ ತೆರೆಯುತ್ತದೆ.

ಅಷ್ಟರಲ್ಲಿ ಕೆಳಗೆ ಒಂದು ಮಾತು: "ನನಗಿರಲಿ."

ಹಬೀಬ್.

ಮೊದಲು 'ನನಗಿರಲಿ' ಅಂದವನಿಗೆ ಚಾಕು. ಆಮೇಲೆ ಮಾರುವವನು ಹಿಂದೆ ಸರಿಯುವಂತಿಲ್ಲ, ಅಳಿಸುವಂತಿಲ್ಲ. ಬಳಗದಲ್ಲಿ ಇದಕ್ಕಿಂತ ದೊಡ್ಡ ತಪ್ಪು ಇಲ್ಲ.

ದಯಾನಂದ್: "ಹಬೀಬ್ ಭಾಯ್, ಚೀಟಿ ಇಲ್ಲ. ತಡೆ ಇದೆ."

ಹಬೀಬ್: "ಗೊತ್ತು. ನಾನೇ ಮಾಗಡಿಗೆ ಹೋಗಿ ತಗೊತೀನಿ."

ಎಷ್ಟು ಬೇಗ ಅಂದ! ಕಾಯುತ್ತಿದ್ದನೇ? ಕೊಟ್ಟದ್ದನ್ನು ವಾಪಸ್ ತಗೊಳ್ಳಲು ನನ್ನ ಕೈ ಬೀಳಲಿ ಅಂತ ಕಾಯುತ್ತಿದ್ದನೇ? ಇದ್ದ ಒಬ್ಬ ಸ್ನೇಹಿತನ ಬಗ್ಗೆ ಹೀಗೆಲ್ಲ ಯೋಚಿಸುವ ಗತಿ ಬಂತು.

ಮಾರ್ಚ್ 16, ಭಾನುವಾರ

(ಕೂತು ಎದ್ದು, ಕೂತು ಎದ್ದು ಬರೆದದ್ದು. ಆದರೂ ಪೂರ್ತಿ ಬರೆಯಬೇಕು.)

ಹಬೀಬ್ ಬಂದ. ರಾಮನಗರದಲ್ಲಿ ಬಸ್ಸು ಬದಲಾಯಿಸಿ, ಈ ಬಿಸಿಲಲ್ಲಿ, ರಂಜಾನ್ ಉಪವಾಸದ ರೋಜಾ ಹಿಡಿದುಕೊಂಡು. ನೀರೂ ಕುಡಿಯುವ ಹಾಗಿಲ್ಲ. ಕೂತವನು ನನ್ನ ಮುಖ ನೋಡಲಿಲ್ಲ. ಸಿಟ್ಟಿತ್ತು, ಕಾಣುತ್ತಿತ್ತು. ನನಗೂ ಇತ್ತು. ಎರಡೂ ಕೈ ತೊಡೆ ಕೆಳಗಿಟ್ಟುಕೊಂಡು ಕೂತಿದ್ದೆ.

ಯಶೋಧಾ ಅಭ್ಯಾಸಬಲದಲ್ಲಿ ನನಗೆ ಕಾಫಿ ತಂದು ಕೈಗೇ ಕೊಟ್ಟಳು. ಬೇಡ ಅನ್ನುವಷ್ಟರಲ್ಲಿ ಲೋಟ ಹಿಡಿದಾಗಿತ್ತು. ಬಟ್ಟಲೂ ಲೋಟವೂ ಕಟಕಟ ಅಂದವು. ಕಾಫಿ ನೆಲಕ್ಕೆ, ಪಂಚೆಗೆ.

ಹಬೀಬ್ ಎದ್ದು ಲೋಟ ತಗೊಂಡ. ತನ್ನ ಟವೆಲ್ಲಿನಲ್ಲಿ ನನ್ನ ಕೈ ಒರೆಸಿದ. ಒರೆಸಿದ ಮೇಲೂ ಕೈ ಬಿಡಲಿಲ್ಲ. ಅದು ಅವನ ಕೈಯೊಳಗೇ ನಡುಗುತ್ತಿತ್ತು.

"ಗಾಜಲ್ಲ ಅಲ್ವಾ ಅಣ್ಣ ಇದು?"

"ಅಲ್ಲ."

"ಯಾವಾಗ್ಲಿಂದ?"

"ದೀಪಾವಳಿ ಆದ್ಮೇಲಿಂದ ಇರ್ಬೇಕು."

"ಯಾ ಅಲ್ಲಾ..." ಅಂತ ಕೂತ. "ನಾ ಕ್ವಾಪದಲ್ಲೇ ಬಂದೆ. ನಾನು ಮಾಡ್ಕೊಟ್ಟಿದ್ದನ್ನ ಸಂತೇಗೆ ಹಾಕ್ಬುಟ್ರಲ್ಲಾ ಅಂತ. ಯಾವನೋ ಗೊತ್ತಿಲ್ದೋನ್ ಕೈಗೆ ಹೋಗಾದು ಬ್ಯಾಡ ಅಂತ 'ನನಗಿರಲಿ' ಅಂದ್ಬುಟ್ಟೆ."

"ಬೆರಳು ತಪ್ಪಿ ಹೋಯ್ತು ಕಣೋ ಅದು. ಫೋನಲ್ಲಿ ಒಂದ್ ಮಾತು ಕೇಳ್ಬಾರ್ದಿತ್ತಾ ನೀನು?"

"ಕೇಳ್ಬಾರ್ದು ಅಂತ ನೀವೇ ಬರ್ದಿರಾದು. ನೀವ್ ಬರ್ದಿದ್ದನ್ನ ನಾನ್ ಮುರೀಲಾ?"

ಅತ್ತೆ. ಯಶೋಧಾ ಎದುರಿಗೆ ಅಳದವನು ಅವನೆದುರಿಗೆ ಅತ್ತೆ. ಅವನು ಗೋಡೆ ಮೇಲಿನ ಕ್ಯಾಲೆಂಡರ್ ನೋಡುತ್ತಾ ಕೂತ, ನನ್ನ ಮರ್ಯಾದೆಗೆ.

ಬಳಗಕ್ಕೆ ಹೇಳಿಬಿಡುತ್ತೇನೆ, ತಡೆ ಹೋಗುತ್ತದೆ ಅಂದ. ಬೇಡ ಅಂದೆ. ನನ್ನ ಹೆಸರು ಹೋದದ್ದು ಚೀಟಿಯಿಂದ, ಬರುವುದಾದರೆ ಚೀಟಿಯಿಂದಲೇ ಬರಲಿ. ಆಣೆ ಹಾಕಿಸಿಕೊಂಡೆ.

ಕೊಟ್ಟ ಮಾತು ಮಾತೇ. ಯಶೋಧಾ ಕೈಲಿ ಬುಗುರಿ ತರಿಸಿದೆ. ಚಾಕು ಕೈಯಿಂದ ಕೈಗೆ ಕೊಡಬಾರದು, ಜಗಳ ಆಗುತ್ತದೆ. ಮೇಜಿನ ಮೇಲೆ ಇಟ್ಟಳು. ಹಬೀಬ್ ನೋಡಿದ, ಹಿಡಿಯ ಮೇಲೆ ಒಂದು ಬೆರಳು ಆಡಿಸಿದ. ಎತ್ತಿಕೊಳ್ಳಲಿಲ್ಲ.

"ಚೀಟಿ ಎಲ್ಲಿ?"

ನಾನು ಕೈ ಎತ್ತಿ ತೋರಿಸಿದೆ.

"ಚೀಟಿ ಇಲ್ದೆ ಹೆಂಗಣ್ಣ ತಗೊಳ್ಳಾದು? ನಾಳೆ ಆ ದಯಾನಂದ ನನ್ನೂ ತಡೇಗೆ ಹಾಕ್ತಾನೆ. ಬರೀರಿ. ನಿಮ್ ಕೈಲೇ. ಯಾವಾಗ ಆಯ್ತದೋ ಆಗ. ಅಲ್ಲೀಗಂಟ ಚಾಕು ನಂದೇ, ಆದ್ರೆ ನಿಮ್ಮನೇಲಿರ್ಲಿ."

ಹೊರಟುಬಿಟ್ಟ. ಬಸ್ ಸ್ಟ್ಯಾಂಡಿನವರೆಗೆ ಬರುತ್ತೇನೆ ಅಂದರೆ ಬೇಡ ಅಂದ.

ಮಾರ್ಚ್ 18

ಎರಡು ದಿನ ಬೇಕಾಯಿತು ಅವನು ಮಾಡಿದ್ದು ತಲೆಗೆ ಹೋಗಲು. ನನ್ನದೇ ನಿಯಮ ಹಿಡಿದು ನನ್ನ ಚಾಕುವನ್ನು ನನಗೇ ಬಿಟ್ಟುಹೋಗಿದ್ದಾನೆ. ಚೀಟಿ ಬರೆಯಲು ಬರುವುದಿಲ್ಲ ಅಂತ ಅವನಿಗೆ ಗೊತ್ತು. ಬರೆಯದಿದ್ದರೆ ಅದು ಇಲ್ಲೇ.

ಆದರೆ ಚೀಟಿ ಬರೆದು ಕೊಟ್ಟರೆ ಅವನು ಫೋಟೋ ಹಾಕುತ್ತಾನೆ, 'ತಲುಪಿತು' ಅಂತ. ತಡೆ ಹೋಗುತ್ತದೆ. ಹೆಸರು ವಾಪಸ್, ಚಾಕು ಹೋಯಿತು. ಬರೆಯದಿದ್ದರೆ ಚಾಕು ಇದೆ, ಹೆಸರಿಲ್ಲ. ನಾನು ಸೋತರೆ ನನಗೆ ಬಹುಮಾನ. ಇದೆಂಥ ಆಟವಪ್ಪ.

ಬರೆಯುತ್ತೇನೆ. ಬೇಕಾದ ಚಾಕುವೇ ಹೋಗಲಿ, ಕೊನೆಗೊಂದು ಸಲ ಬಳಗದವರು ನನ್ನ ಅಕ್ಷರ ನೋಡಿ ಹೌದು, ಇದು ರುದ್ರಪ್ರಸಾದ್ ಅನ್ನಬೇಕು.

ಮಾರ್ಚ್ 30, ಯುಗಾದಿ

ದಿನಾ ಬೆಳಿಗ್ಗೆ ಒಂದು ಹಾಳೆ, ಮಕ್ಕಳ ಹಾಗೆ. ರು ಬರುತ್ತದೆ. ದ್ರ ಒತ್ತು ಕೂರುವುದಿಲ್ಲ.

ನಾಳೆ ಹಬೀಬನ ಮನೆಯಲ್ಲಿ ರಂಜಾನ್ ಹಬ್ಬ. ಅಷ್ಟರೊಳಗೆ ಕೊಡಬೇಕು ಅಂದುಕೊಂಡಿದ್ದೆ. ಯಶೋಧಾ ಬೇವುಬೆಲ್ಲ ಬಾಯಿಗೇ ಹಾಕಿದಳು. ಬೆಲ್ಲ ಎಲ್ಲಿ ಹೋಯಿತೋ, ಬೇವು ಮಾತ್ರ ಗೊತ್ತಾಯಿತು.

ಏಪ್ರಿಲ್ 20

ಮಾತ್ರೆ ಜಾಸ್ತಿ ಮಾಡಿದ್ದಾರೆ. ಅಂಗಡಿ ಬಾಡಿಗೆಗೆ ಕೊಟ್ಟೆವು. ಮೊಬೈಲ್ ಕವರ್ ಮಾರುವವರು ಬರುತ್ತಾರೆ.

ಹಬೀಬ್ ಫೋನ್ ಮಾಡಿ ತಮಾಷೆ ಮಾಡುತ್ತಾನೆ. "ಏನಣ್ಣ, ನನ್ ಚಾಕು ಚೆಂದಾಗೈತಾ? ಎಣ್ಣೆ ಹಾಕ್ತಿದ್ದೀರಾ?"

"ಹಾಕ್ತಿದ್ದಾಳೆ."

"ಚೀಟಿಗೆ ಅವಸರ ಇಲ್ಲ ಬುಡಿ."

ಅವನಿಗೆ ಅವಸರವಿಲ್ಲ.

ಮೇ 4

ಬಳಗದಲ್ಲಿ ಹೊಸಬನೊಬ್ಬ ಕೇಳಿದ್ದಾನೆ, ಈ ತಡೆ ಅಂತ ಇರೋ ರುದ್ರಪ್ರಸಾದ್ ಯಾರು, ಮೋಸಗಾರನಾ? ದಯಾನಂದ್ ಉತ್ತರ: "ಇಲ್ಲ. ಚೀಟಿ ಬಾಕಿ ಇದೆ ಅಷ್ಟೆ." ಒಳ್ಳೆಯ ಹುಡುಗ. ಹಬೀಬ್ ಏನೂ ಬರೆದಿಲ್ಲ. ಆಣೆ.

ಬೇಗ ಬರೆಯಬೇಕು.

ಮೇ 11, ಭಾನುವಾರ, ಬೆಳಿಗ್ಗೆ

ಮಾತ್ರೆ ಆಯಿತು. ಹಿಡಿತ ಬಂದ ಹಾಗಿದೆ. ಬುಗುರಿ ಮೇಜಿನ ಮೇಲೆ, ಪಕ್ಕದಲ್ಲಿ ಖಾಲಿ ಚೀಟಿ. ಯಶೋಧಾ ಫೋನ್ ಹಿಡಿದು ನಿಂತಿದ್ದಾಳೆ. ನಿಧಾನ ಬರೀರಿ, ಅಂತಾಳೆ.

ಮೊದಲು ಇಲ್ಲಿ ಡೈರಿಯಲ್ಲಿ ಒಮ್ಮೆ. ಇಲ್ಲಿ ಬಂದರೆ ಚೀಟಿಯಲ್ಲಿ.

ರುದ್ರಪ್ರಸಾ